ಪರದೆಯಾಚೆಯ ಖಾಲಿ ಸೀಟು

ಮಗಳ ಬಾಣಂತನಕ್ಕೆಂದು 2016ರಲ್ಲಿ ನಾನು ಮೊದಲ ಸಲ ಅಮೆರಿಕಕ್ಕೆ ಹೊರಟೆ. ಅಂಟಿನುಂಡೆಯ ಡಬ್ಬ, ಮೆಂತ್ಯದ ಹಿಟ್ಟು, ಖಾರದ ಪುಡಿ, ಹಳೆಯ ಮೆತ್ತನೆಯ ಸೀರೆಗಳು ಎಂದು ಎರಡು ಸೂಟ್‌ಕೇಸು ತುಂಬಿಸಿ, ಮೂರು ಸಲ ತೂಕ ಹಾಕಿ, ಕೊನೆಗೆ ಒಂದು ಸೇರು ಅವಲಕ್ಕಿಯನ್ನು ತೆಗೆದಿಟ್ಟು ಮನೆ ಬಿಟ್ಟಿದ್ದೆ. ದಾರಿಯ ನಡುವೆ ವಿಮಾನ ಬದಲಾಯಿಸಬೇಕು. ಎರಡನೆಯದು ಹದಿನಾಲ್ಕು ತಾಸಿನ ಪಯಣ.

ಆ ಎರಡನೆಯ ವಿಮಾನದಲ್ಲಿ ನನ್ನ ಪಕ್ಕಕ್ಕೆ ಕೂತವರು ಮಂಡ್ಯ ಕಡೆಯ ಒಬ್ಬ ಹಿರಿಯರು. ಎಪ್ಪತ್ತು ದಾಟಿರಬೇಕು. ಮಗನ ಮನೆಗೆ ಹೊರಟಿದ್ದರು. ನಾನು ಕನ್ನಡದವಳೆಂದು ತಿಳಿದದ್ದೇ ತಡ, ಅವರ ಮುಖ ಅರಳಿತು. ಊಟ ಬಂದಾಗ ಯಾವುದರಲ್ಲಿ ಮಾಂಸವಿದೆ, ಯಾವುದರಲ್ಲಿ ಇಲ್ಲ ಎಂದು ನಾನು ಹೇಳಿದೆ. ಅವರು ಕೈಚೀಲದಿಂದ ಕೋಡುಬಳೆ ತೆಗೆದು ನನಗೆ ಕೊಟ್ಟರು. ಆರೇಳು ತಾಸು ಕಳೆಯಿತು. ಆಮೇಲೆ ಅವರು ಮಾತು ನಿಲ್ಲಿಸಿದರು. ನೋಡಿದರೆ ಕಾಲು ಬಾತು, ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತು ಹೋಗಿತ್ತು. ‘ಕಾಲು ಕಲ್ಲಾಗ್ಬುಟ್ಟವೆ ಕಣವ್ವ. ಒಂದ್ ಗಳಿಗೆ ನೀಡ್ಕೊಳ್ಳಕ್ಕೆ ಎಲ್ಲಾರ ಜಾಗ ಸಿಕ್ಕಾತಾ ಕೇಳು’ ಎಂದರು.

ನಮ್ಮ ಸೀಟು ಪರದೆಗೆ ಹತ್ತಿರವೇ ಇತ್ತು. ಯಾರಾದರೂ ಆಚೆ ಈಚೆ ಓಡಾಡಿದಾಗಲೆಲ್ಲ ಪರದೆ ಸರಿದು ಆ ಕಡೆ ಕಾಣುತ್ತಿತ್ತು. ಅಲ್ಲಿ ಮಂಚದಂತೆ ಚಾಚಿಕೊಳ್ಳುವ ಸೀಟುಗಳು. ನಾಲ್ಕು ಖಾಲಿ ಇದ್ದದ್ದನ್ನು ನಾನೇ ಎಣಿಸಿದ್ದೆ. ಮಡಿಸಿಟ್ಟ ಹೊದಿಕೆ, ದಿಂಬು ಹಾಗೇ ಇದ್ದವು. ಪರಿಚಾರಿಕೆಯನ್ನು ಕರೆದು ಕೇಳಿದೆ. ಒರಟಾಗಿಯೇನೂ ಮಾತಾಡಲಿಲ್ಲ ಆಕೆ. ನೀರು ತಂದುಕೊಟ್ಟಳು, ಇನ್ನೊಂದು ದಿಂಬು ಕೊಟ್ಟಳು, ಸ್ವಲ್ಪ ಓಡಾಡಿಸಿ ಎಂದಳು. ಖಾಲಿ ಸೀಟಿನ ಮಾತಿಗೆ ಮಾತ್ರ ನಗುತ್ತಲೇ ತಲೆಯಾಡಿಸಿದಳು. ‘ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರಲ್ಲ’ ಎಂದಳು.

ಈ ಮಾತನ್ನು ನಾನು ಮೊದಲೇ ಕೇಳಿದ್ದೆ. ಐವತ್ತು ವರ್ಷಗಳ ಹಿಂದೆ, ದಾವಣಗೆರೆಯ ರೈಲ್ವೆ ಪ್ಲಾಟ್‌ಫಾರಮ್ಮಿನ ಮೇಲೆ.

ಆಗ ನನಗೆ ಎಂಟು ವರ್ಷ. 1966ನೇ ಇಸವಿ. ಹುಬ್ಬಳ್ಳಿಯಲ್ಲಿ ಅಜ್ಜಿಗೆ ಹೆಚ್ಚಾಗಿದೆ ಎಂದು ತಂತಿ ಬಂತು. ಅಪ್ಪನಿಗೆ ರಜೆ ಸಿಗಲಿಲ್ಲ. ಏಳು ತಿಂಗಳ ಬಸುರಿ ಅವ್ವ ನನ್ನ ಕೈ ಹಿಡಿದುಕೊಂಡು ಬೀರೂರಿನಲ್ಲಿ ಮೂರನೇ ಕ್ಲಾಸು ಹತ್ತಿದಳು. ಹೆಂಗಸರ ಡಬ್ಬಿ ತುಂಬಿತ್ತು. ಪಕ್ಕದ್ದೂ ತುಂಬಿತ್ತು. ಹೇಗೋ ಒಳಗೆ ತೂರಿಕೊಂಡು ನಿಂತೆವು. ಅಜ್ಜಂಪುರ ಹೋಯಿತು, ಚಿಕ್ಕಜಾಜೂರು ಹೋಯಿತು, ಇಳಿದವರಿಗಿಂತ ಹತ್ತಿದವರೇ ಹೆಚ್ಚು. ದಾವಣಗೆರೆಗೆ ಬರುವಷ್ಟರಲ್ಲಿ ಅವ್ವನ ಮುಖ ಬೆಳ್ಳಗಾಗಿತ್ತು. ಗಾಳಿಗೆಂದು ಕೆಳಗಿಳಿದೆವು. ಎದುರಿಗೇ ಮೊದಲನೇ ಕ್ಲಾಸಿನ ಡಬ್ಬಿ. ಕಿಟಕಿಯಿಂದ ಇಣುಕಿದರೆ ಅಗಲವಾದ ಮೆತ್ತೆ, ಮೇಲೆ ಫ್ಯಾನು ತನ್ನ ಪಾಡಿಗೆ ತಾನು ತಿರುಗುತ್ತಿದೆ, ಒಳಗೆ ನರಪಿಳ್ಳೆಯಿಲ್ಲ. ಒಬ್ಬ ಹಮಾಲ ನಮ್ಮ ಪಾಡು ನೋಡಿ, ‘ಸಾಹೇಬ್ರ, ಹರಿಹರದ ತನಕ ಆದ್ರೂ ಕೂರಿಸಿ’ ಎಂದು ಟಿ.ಸಿ.ಯನ್ನು ಕೇಳಿದ. ಟಿ.ಸಿ. ಅವ್ವನನ್ನು ನೋಡಿದರು, ಡಬ್ಬಿಯನ್ನು ನೋಡಿದರು. ‘ನಿಮ್ಮ ಕಷ್ಟ ಕಾಣುತ್ತೆ ತಾಯಿ. ಆದರೆ ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ’ ಎಂದರು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವಳು ನಾನು. ರಾಜರು, ಯುದ್ಧಗಳು, ಒಪ್ಪಂದಗಳು ಎಲ್ಲ ಬಾಯಿಪಾಠ. ಆದರೆ ಒಂದು ಖಾಲಿ ಸೀಟಿಗೂ ಚರಿತ್ರೆ ಇದೆಯೆಂದು ನನಗೆ ಹೊಳೆದದ್ದು ಆ ಹದಿನಾಲ್ಕು ತಾಸಿನಲ್ಲಿ. ಮಗುವನ್ನು ಮಲಗಿಸಿ, ಮಗಳೂ ಮಲಗಿದ ಮೇಲೆ, ಆ ದೇಶದ ಉದ್ದನೆಯ ಮಧ್ಯಾಹ್ನಗಳಲ್ಲಿ ಅವರೂರಿನ ಲೈಬ್ರರಿಗೆ ಹೋಗಿ ಕೂತು ಓದತೊಡಗಿದೆ. ಊರಿಗೆ ಬಂದ ಮೇಲೂ ಬಿಡಲಿಲ್ಲ. ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

ರೈಲು ಹುಟ್ಟಿದ ಇಂಗ್ಲೆಂಡಿನಲ್ಲಿ ಮೊದಮೊದಲು ಬಡವರನ್ನು ರೈಲು ಹತ್ತಿಸಿಕೊಳ್ಳುವುದೇ ಕಂಪನಿಗಳಿಗೆ ಬೇಕಿರಲಿಲ್ಲ. ಹತ್ತಿಸಿಕೊಂಡರೂ ಎಲ್ಲಿ? ಸಾಮಾನಿನ ಗಾಡಿಗೆ ಜೋಡಿಸಿದ, ಮೇಲೆ ಚಾವಣಿಯಿಲ್ಲದ, ಸುತ್ತ ಗಿಡ್ಡನೆಯ ಹಲಗೆ ಹೊಡೆದ ತೆರೆದ ಬಂಡಿಗಳಲ್ಲಿ. ಮಳೆ ಬಂದರೆ ಮಳೆ, ಹಿಮ ಬಿದ್ದರೆ ಹಿಮ. 1841ರ ಡಿಸೆಂಬರ್ 24ರ ಬೆಳಗಿನ ಜಾವ ಲಂಡನ್ನಿನಿಂದ ಬ್ರಿಸ್ಟಲ್ ಕಡೆಗೆ ಹೊರಟ ಅಂಥದೊಂದು ಗಾಡಿ ಸಾನಿಂಗ್ ಎಂಬಲ್ಲಿ ಮಳೆಗೆ ಕುಸಿದ ಮಣ್ಣಿನ ದಿಬ್ಬಕ್ಕೆ ಡಿಕ್ಕಿ ಹೊಡೆಯಿತು. ತೆರೆದ ಬಂಡಿಯಲ್ಲಿದ್ದವರು ಕಾಳು ಚೆಲ್ಲಿದ ಹಾಗೆ ಹೊರಗೆ ಚೆಲ್ಲಿಹೋದರು. ಎಂಟು ಮಂದಿ ಅಲ್ಲೇ ಸತ್ತರು, ಒಬ್ಬ ಆಮೇಲೆ ಆಸ್ಪತ್ರೆಯಲ್ಲಿ ಸತ್ತ. ಅವರಲ್ಲಿ ಹೆಚ್ಚಿನವರು ಲಂಡನ್ನಿನ ಹೊಸ ಪಾರ್ಲಿಮೆಂಟ್ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಕಲ್ಲುಕುಟಿಗರು. ಕ್ರಿಸ್‌ಮಸ್ ಹಬ್ಬಕ್ಕೆ ಮನೆಗೆ ಹೊರಟಿದ್ದರು.

ಯಾವ ಪಾರ್ಲಿಮೆಂಟಿಗೆ ಅವರು ಕಲ್ಲು ಕಡೆಯುತ್ತಿದ್ದರೋ ಆ ಪಾರ್ಲಿಮೆಂಟು ಮೂರು ವರ್ಷಗಳ ಮೇಲೆ, 1844ರಲ್ಲಿ, ಗ್ಲ್ಯಾಡ್‌ಸ್ಟನ್ ಮುಂದಾಳತ್ವದಲ್ಲಿ ಒಂದು ಕಾಯಿದೆ ಮಾಡಿತು. ದಿನಕ್ಕೆ ಒಂದಾದರೂ ಗಾಡಿಯಲ್ಲಿ ಮೂರನೇ ಕ್ಲಾಸಿನವರಿಗೆ ಕೂರಲು ಸೀಟಿರಬೇಕು, ಗಾಳಿಮಳೆಗೆ ಮರೆಯಿರಬೇಕು, ಗಾಡಿ ಗಂಟೆಗೆ 12 ಮೈಲಿಗಿಂತ ನಿಧಾನವಾಗಬಾರದು, ಮೈಲಿಗೆ ಒಂದು ಪೆನ್ನಿಗಿಂತ ಹೆಚ್ಚು ಕೇಳಬಾರದು, ಮೂರು ವರ್ಷದೊಳಗಿನ ಮಕ್ಕಳಿಗೆ ಪುಕ್ಕಟೆ. ಕಂಪನಿಗಳು ಗೊಣಗುತ್ತ ಒಪ್ಪಿದವು. ಒಪ್ಪಿ ಏನು ಮಾಡಿದವು ಅಂತೀರಿ? ಆ ಒಂದು ಗಾಡಿಯನ್ನು ಯಾರಿಗೂ ಅನುಕೂಲವಾಗದ ಹೊತ್ತಿನಲ್ಲಿ ಬಿಡತೊಡಗಿದವು. ಬಾಗಿನ ಕೊಡಲೇಬೇಕಾಗಿ ಬಂದಾಗ ಹರಿದ ರವಿಕೆ ಕಣ ಕೊಡುವ ಅತ್ತೆಯರನ್ನು ನಾವು ನೋಡಿಲ್ಲವೇ, ಹಾಗೆ.

ಇದೆಲ್ಲ ಜಿಪುಣತನ ಎಂದುಕೊಂಡಿದ್ದೆ. ಒಂದು ಚಾವಣಿಗೆ ಎಷ್ಟು ಖರ್ಚಾದೀತು? ಇದೇ ಪ್ರಶ್ನೆಯನ್ನು ಫ್ರಾನ್ಸಿನ ಜೂಲ್ ದ್ಯುಪ್ವಿ ಎಂಬ ಇಂಜಿನಿಯರ್ 1849ರಲ್ಲೇ ಎತ್ತಿ, ಉತ್ತರವನ್ನೂ ಬರೆದಿಟ್ಟಿದ್ದಾನೆ. ಚಾವಣಿ ಹಾಕದಿರುವುದು ದುಡ್ಡು ಉಳಿಸಲಿಕ್ಕಲ್ಲ ಎನ್ನುತ್ತಾನೆ ಆತ. ಮೂರನೇ ಕ್ಲಾಸು ಸುಖವಾಗಿಬಿಟ್ಟರೆ ಎರಡನೇ ಕ್ಲಾಸಿಗೆ ದುಡ್ಡು ಕೊಡಬಲ್ಲವರೂ ಅಲ್ಲಿಗೇ ಬಂದು ಕೂತುಬಿಡುತ್ತಾರೆ. ಅವರನ್ನು ಹೆದರಿಸಿ ಮೇಲೆ ಇಡಬೇಕಾದರೆ ಕೆಳಗಿನವರು ನೆನೆಯಬೇಕು. ಬಡವನನ್ನು ನೋಯಿಸುವ ಇಚ್ಛೆ ಯಾರಿಗೂ ಇಲ್ಲ. ಉಳ್ಳವನನ್ನು ಅಂಜಿಸಲು ಬಡವನಿಗೆ ಪೆಟ್ಟು ಬೀಳುತ್ತದೆ, ಅಷ್ಟೆ. ಮೇಲಿನವರಿಗೆ ಬೇಡದಷ್ಟು ಸುಖ ತುಂಬುವುದೂ ಇದೇ ಲೆಕ್ಕದ ಇನ್ನೊಂದು ಮಗ್ಗುಲು.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ದಾವಣಗೆರೆಯ ಟಿ.ಸಿ. ಕೆಟ್ಟವರಲ್ಲ. ವಿಮಾನದ ಹುಡುಗಿಯೂ ಕೆಟ್ಟವಳಲ್ಲ. ಅವರಿಬ್ಬರ ಬಾಯಲ್ಲಿ ಆಡಿದ್ದು ದ್ಯುಪ್ವಿಯ ಲೆಕ್ಕ. ಆ ಸೀಟು ಖಾಲಿಯಾಗಿ ಕಂಡರೂ ಅದು ಒಂದು ಕೆಲಸ ಮಾಡುತ್ತಲೇ ಇತ್ತು. ದುಡ್ಡಿದ್ದವರಿಗೆ, ‘ನೋಡಿ, ದುಡ್ಡು ಕೊಡದಿದ್ದರೆ ಇದು ಸಿಕ್ಕುವುದಿಲ್ಲ’ ಎಂದು ಸಾರುತ್ತಿತ್ತು.

ಹಾಗಾದರೆ ಈ ಲೆಕ್ಕವನ್ನು ಮುರಿಯಲು ಆಗುವುದೇ ಇಲ್ಲವೇ? ಅದೇ ಇಂಗ್ಲೆಂಡಿನಲ್ಲಿ ಮಿಡ್‌ಲ್ಯಾಂಡ್ ಎಂಬ ರೈಲ್ವೆ ಕಂಪನಿ ಮುರಿದು ತೋರಿಸಿತು. ಜೇಮ್ಸ್ ಆಲ್‌ಪೋರ್ಟ್ ಎಂಬವನು ಅದರ ಮುಖ್ಯ ಅಧಿಕಾರಿ. 1872ರಲ್ಲಿ ತನ್ನ ಎಲ್ಲ ಗಾಡಿಗಳಿಗೂ ಮೂರನೇ ಕ್ಲಾಸಿನವರನ್ನು ಹತ್ತಿಸಿಕೊಂಡ. 1875ರ ಜನವರಿ 1ರಿಂದ ಎರಡನೇ ಕ್ಲಾಸನ್ನೇ ತೆಗೆದುಹಾಕಿ ಮೂರನೆಯದಕ್ಕೆ ಮೆತ್ತೆಯ ಸೀಟು ಕೊಟ್ಟ. ಉಳಿದ ಕಂಪನಿಗಳು ಕೆಂಡ ಕಾರಿದವು. ಆದರೆ ಜನ ಮಿಡ್‌ಲ್ಯಾಂಡಿನ ಕಡೆ ಹರಿದು ಬಂದಾಗ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು. ಯಾರೋ ಒಬ್ಬರನ್ನು ಮೇಲಕ್ಕೆ ಕರೆಯಲಿಲ್ಲ ಆಲ್‌ಪೋರ್ಟ್. ಎಲ್ಲರೂ ಕೂತಿದ್ದ ಹಲಗೆಗೇ ಮೆತ್ತೆ ಹಾಕಿಸಿದ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ದೇಶಕ್ಕೆ ರೈಲು ಬಂದದ್ದು 1853ರ ಏಪ್ರಿಲ್ 16ರಂದು, ಬೊಂಬಾಯಿಯಿಂದ ಠಾಣೆಗೆ. ರೈಲಿನ ಜೊತೆ ಕ್ಲಾಸುಗಳೂ ಬಂದವು. ಹೆಂಗಸರ ಬಗ್ಗೆ ಸರ್ಕಾರ ಯೋಚಿಸಿದ್ದು 1890ರ ರೈಲ್ವೆ ಕಾಯಿದೆಯಲ್ಲಿ. ಪ್ರತಿ ಪ್ಯಾಸೆಂಜರ್ ಗಾಡಿಯಲ್ಲೂ ಅತ್ಯಂತ ಕೆಳಗಿನ ಕ್ಲಾಸಿನ ಒಂದು ಡಬ್ಬಿಯಾದರೂ ಹೆಂಗಸರಿಗೇ ಮೀಸಲಿರಬೇಕು; ಗಾಡಿ 50 ಮೈಲಿಗಿಂತ ದೂರ ಹೋಗುವುದಾದರೆ ಆ ಡಬ್ಬಿಯಲ್ಲಿ ಒಂದು ಶೌಚದ ಕೋಣೆ ಇರಬೇಕು. 50 ಮೈಲಿ! ಅಂದರೆ 49 ಮೈಲಿಯವರೆಗೆ ಹೆಂಗಸು ತಡೆದುಕೊಳ್ಳಬಲ್ಲಳು ಎಂದು ಲೆಕ್ಕ ಹಾಕಿದವರು ಯಾರೋ. ಬಸ್ಸಿನಲ್ಲಿ ದೂರದೂರಿಗೆ ಹೊರಡುವ ದಿನ ಬೆಳಗಿನಿಂದ ಗುಟುಕು ನೀರೂ ಕುಡಿಯದೆ ಕೂರುವ ನಮಗೆ ಆ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ಮೂರನೇ ಕ್ಲಾಸಿನ ಪಾಡನ್ನು ಲೋಕದ ಕಣ್ಣಿಗೆ ತಂದವರು ಗಾಂಧೀಜಿ. ದಕ್ಷಿಣ ಆಫ್ರಿಕದಲ್ಲಿ 1893ರಲ್ಲಿ ಮೊದಲನೇ ಕ್ಲಾಸಿನ ಟಿಕೆಟ್ ಕೈಯಲ್ಲಿದ್ದರೂ ಅವರನ್ನು ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ ಕೆಳಗಿಳಿಸಿದ ಕಥೆಯನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ. ಆದರೆ ಭಾರತಕ್ಕೆ ಮರಳಿದ ಮೇಲೆ ಅವರು ಬೇಕೆಂದೇ ಮೂರನೇ ಕ್ಲಾಸಿನಲ್ಲಿ ಓಡಾಡಿ, 1917ರ ಸೆಪ್ಟೆಂಬರಿನಲ್ಲಿ ಪತ್ರಿಕೆಗಳಿಗೆ ಬರೆದ ದೊಡ್ಡ ಕಾಗದವನ್ನು ನಾನು ಓದಿದ್ದು ನಿವೃತ್ತಿಯಾದ ಮೇಲೆ. ಬೊಂಬಾಯಿಯಿಂದ ಮದರಾಸಿಗೆ 13 ರೂಪಾಯಿ 9 ಆಣೆ ಕೊಟ್ಟು ಹೊರಟಿದ್ದಾರೆ. 22 ಜನರ ಡಬ್ಬಿ. ರಾತ್ರಿಯ ಹೆಚ್ಚಿನ ಹೊತ್ತು ಅದರಲ್ಲಿ 35ಕ್ಕೆ ಕಡಿಮೆಯಿಲ್ಲದಷ್ಟು ಜನ. ನಮ್ಮ ರಾಯಚೂರು ದಾಟಿದ ಮೇಲಂತೂ ನೂಕುನುಗ್ಗಲು ತಡೆಯಲಾಗದಂತಾಯಿತು ಎಂದು ಬರೆದಿದ್ದಾರೆ. ಕಸದ ನಡುವೆ ಮಲಗಿದವರು, ನಿಂತೇ ಇದ್ದವರು, ಕೈ ಮಿಲಾಯಿಸುವಷ್ಟಕ್ಕೆ ಹೋದ ಜಗಳ, ಹಿರಿಯರು ನಡುವೆ ಬಂದು ಬಿಡಿಸಿದ್ದು.

ಅದೆಲ್ಲ ಹೇಳಿ ಗಾಂಧೀಜಿ ಒಂದು ಲೆಕ್ಕ ಕೇಳುತ್ತಾರೆ. ಮೊದಲನೇ ಕ್ಲಾಸಿನ ದರ ಮೂರನೆಯದರ ಐದು ಪಟ್ಟಿಗಿಂತ ಹೆಚ್ಚು. ಸರಿ, ಮೂರನೇ ಕ್ಲಾಸಿನವನಿಗೆ ಐದರಲ್ಲಿ ಒಂದು ಪಾಲು ಸುಖ ಸಿಗುತ್ತಿದೆಯೇ? ಹತ್ತರಲ್ಲಿ ಒಂದು ಪಾಲಾದರೂ? ಮೇಲಿನ ಕ್ಲಾಸುಗಳ ವೈಭವಕ್ಕೆ ದುಡ್ಡು ತೆರುತ್ತಿರುವುದು ಮೂರನೇ ಕ್ಲಾಸಿನವರೇ ಎನ್ನುತ್ತಾರೆ. ಮೊದಲನೇ ಕ್ಲಾಸಿನಲ್ಲಿ ನನಗೊಂದು ಜಾಗ ಕೊಡಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಯಾರು ಬೇಡವೆನ್ನುತ್ತಿದ್ದರು? ಕೊಟ್ಟ ದುಡ್ಡಿಗೆ ತಕ್ಕಷ್ಟನ್ನು ಎಲ್ಲರಿಗೂ ಕೊಡಿ ಎಂದರು.

ಸ್ವಾತಂತ್ರ್ಯ ಬಂದ ಮೇಲೆ 1955ರಲ್ಲಿ ಹಳೆಯ ಮೊದಲನೇ ಕ್ಲಾಸನ್ನು ತೆಗೆದು, ಎರಡನೆಯದನ್ನು ಮೊದಲನೆಯದೆಂದೂ, ಇಂಟರ್ ಕ್ಲಾಸನ್ನು ಎರಡನೆಯದೆಂದೂ ಕರೆದರು. 1974ರಲ್ಲಿ ಮೂರನೇ ಕ್ಲಾಸೆಂಬ ಹೆಸರೇ ಹೋಯಿತು. ಹೆಸರು ಹೋಯಿತೇ ಹೊರತು ಮರದ ಹಲಗೆ ಎಲ್ಲಿ ಹೋಯಿತು? ಅದಕ್ಕೆ ಮಧು ದಂಡವತೆ ಬರಬೇಕಾಯಿತು. 1977ರಲ್ಲಿ ರೈಲ್ವೆ ಮಂತ್ರಿಯಾದ ಅವರು ಎರಡನೇ ಕ್ಲಾಸಿನ ಮಲಗುವ ಹಲಗೆಗಳಿಗೆ ಎರಡಂಗುಲದ ಫೋಮ್ ಮೆತ್ತೆ ಹಾಕಿಸುವ ಕೆಲಸ ಶುರು ಮಾಡಿದರು. ಮೇಲಿನದನ್ನು ಕೆಳಗಿಳಿಸುವುದಲ್ಲ, ಕೆಳಗಿನದನ್ನು ಮೇಲೆತ್ತುವುದು ಎಂಬುದು ಅವರ ನಿಲುವು. ಅದೇ ವರ್ಷ ಡಿಸೆಂಬರ್ 26ರಂದು ಬೊಂಬಾಯಿ ಮತ್ತು ಹೌರಾ ನಡುವೆ ಒಂದೇ ಕ್ಲಾಸಿನ ಗೀತಾಂಜಲಿ ಎಕ್ಸ್‌ಪ್ರೆಸ್ ಓಡಿಸಿದರು. ಈಗ ಅದರಲ್ಲೂ ಏಸಿ ಡಬ್ಬಿಗಳು ಸೇರಿಕೊಂಡಿವೆ. ಆದರೆ ಎರಡಂಗುಲದ ಮೆತ್ತೆ ಉಳಿದುಕೊಂಡಿತು. ನಾವು ಇಂದು ಸ್ಲೀಪರಿನಲ್ಲಿ ಬೆನ್ನು ಚಾಚಿದಾಗಲೆಲ್ಲ ಆ ಮನುಷ್ಯನನ್ನು ನೆನೆಯಬೇಕು. ಯಾರು ನೆನೆಯುತ್ತೇವೆ?

ಇನ್ನು ವಿಮಾನದ ಮಾತು. ಆರಂಭದಲ್ಲಿ ವಿಮಾನದಲ್ಲಿ ಕ್ಲಾಸು ಬೇಕಿರಲಿಲ್ಲ, ಹತ್ತುವವರೇ ಸಿರಿವಂತರು. 1952ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲಿನ ಪಯಣಕ್ಕೆ ಟೂರಿಸ್ಟ್ ಕ್ಲಾಸೆಂಬ ಅಗ್ಗದ ದರ್ಜೆ ಬಂತು. ಮುಂದೆ ದೊಡ್ಡ ವಿಮಾನಗಳು ಬಂದಾಗ ಸೀಟು ತುಂಬಿಸಲು ಬಗೆಬಗೆಯ ರಿಯಾಯಿತಿ ಕೊಟ್ಟರು. ಆಗ ಪೂರಾ ದುಡ್ಡು ಕೊಟ್ಟ ವ್ಯಾಪಾರಸ್ಥರಿಗೆ ಸಂಕಟವಾಯಿತು: ಪಕ್ಕದಲ್ಲಿ ಅರ್ಧ ದುಡ್ಡು ಕೊಟ್ಟವನೂ ಅದೇ ಸೀಟಿನಲ್ಲಿ ಕೂತಿದ್ದಾನಲ್ಲ! ಅವರ ಸಮಾಧಾನಕ್ಕೆ 1978ರ ಹೊತ್ತಿಗೆ ಪ್ಯಾನ್ ಆಮ್ ಮುಂತಾದ ಕಂಪನಿಗಳು ನಡುವೆ ಇನ್ನೊಂದು ದರ್ಜೆ ಮಾಡಿದವು. ಇಂದಿನ ಬಿಸಿನೆಸ್ ಕ್ಲಾಸಿನ ಮೂಲ ಅದು. ಅದೇ ವರ್ಷ ಅಮೆರಿಕದ ಸರ್ಕಾರ ದರದ ಮೇಲಿನ ಹಿಡಿತ ಬಿಡಲು ಕಾಯಿದೆ ಮಾಡಿತು, ಪೈಪೋಟಿ ಶುರುವಾಯಿತು. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ಎಷ್ಟು ಮೈಲಿ ಹಾರಿದಿರಿ ಎಂದು ಲೆಕ್ಕವಿಟ್ಟು ಬಹುಮಾನ ಕೊಡುವ ಯೋಜನೆ ತಂದಿತು. ಮುಂದಿನ ಖಾಲಿ ಸೀಟಿಗೆ ಒಬ್ಬ ವಾರಸುದಾರ ಹುಟ್ಟಿಕೊಂಡದ್ದು ಆಗ. ಮತ್ತೆ ಮತ್ತೆ ನಮ್ಮಲ್ಲೇ ಹಾರುವವನು ಯಾರೋ ಅವನಿಗೆ ಖಾಲಿ ಸೀಟು ಪುಕ್ಕಟೆ.

2000ದಲ್ಲಿ ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ಕ್ಲಾಸಿನಲ್ಲೂ ಪೂರ್ತಿ ಮಲಗುವ ಸೀಟು ತಂದ ಮೇಲೆ ಹಿಂದಿನ ಸೀಟಿಗೂ ಮುಂದಿನದಕ್ಕೂ ಇದ್ದ ದೂರ ಇನ್ನೂ ಹೆಚ್ಚಿತು. ಈಗಂತೂ ಉಳಿದ ಸೀಟನ್ನು ಹರಾಜು ಹಾಕುವ ಕಂಪನಿಗಳಿವೆ. ಹೊರಡುವ ಮೊದಲು ನೀವು ಇಷ್ಟು ಕೊಡುತ್ತೇನೆಂದು ಕೂಗಬಹುದು. ಹಿಂದಿನ ಸೀಟುಗಳಿಗೆ ಹೆಚ್ಚು ಜನ ಬಂದುಬಿಟ್ಟರೆ ಮಾತ್ರ ಕೆಲವರನ್ನು ದುಡ್ಡಿಲ್ಲದೆ ಮುಂದಕ್ಕೆ ಕಳಿಸುತ್ತಾರೆ. ಆಗಲೂ ಸಾಮಾನ್ಯವಾಗಿ ಮೊದಲ ಸರದಿ ಹೆಚ್ಚು ಮೈಲಿ ಹಾರಿದವರದ್ದೇ. ಉಂಡವನಿಗೇ ಮತ್ತೆ ಬಡಿಸಿದ ಹಾಗೆ.

ಖಾಲಿ ಸೀಟನ್ನು ಪುಕ್ಕಟೆ ಕೊಡಬೇಕೇ ಬೇಡವೇ ಎಂದು ಮಗಳ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಹಸುಗೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಮಗಳು ವಾದಿಸಿದಳು. ‘ಅಮ್ಮಾ, ಕೊನೆಗೆ ಪುಕ್ಕಟೆ ಸಿಗುತ್ತೆ ಅಂತ ಗೊತ್ತಾದರೆ ಮುಂದಿನ ಸೀಟನ್ನು ಕೊಳ್ಳೋರು ಯಾರು? ಅಲ್ಲಿಂದ ಬರೋ ದುಡ್ಡು ನಿಂತರೆ ನಿನ್ನ ಟಿಕೆಟ್ಟಿನ ದರ ಏರುತ್ತೆ, ಅಷ್ಟೆ.’ ನಾನು ಸಂತೆಯ ಸೊಪ್ಪಿನ ಮಾತು ತೆಗೆದೆ. ನಮ್ಮೂರ ಸಂತೆಯಲ್ಲಿ ಕತ್ತಲಾಗುವ ಹೊತ್ತಿಗೆ ಸೊಪ್ಪು ಅರ್ಧ ಕ್ರಯಕ್ಕೆ. ಹಾಗೆಂದು ಬೆಳಗ್ಗೆ ಯಾರೂ ಕೊಳ್ಳುವುದಿಲ್ಲವೇ? ಮನೆಗೆ ಮಧ್ಯಾಹ್ನಕ್ಕೆ ಸಾರು ಆಗಬೇಕಾದವರು ಬೆಳಗ್ಗೆಯೇ ಕೊಳ್ಳುತ್ತಾರೆ. ಬಾಡಿ ಹೋಗುವುದನ್ನು ಯಾರಾದರೂ ಉಣ್ಣಲಿ ಎನ್ನುವುದು ಸೊಪ್ಪಿನವಳ ಧರ್ಮ. ‘ಸೊಪ್ಪಿನವಳೂ ಪುಕ್ಕಟೆ ಕೊಡಲ್ಲಮ್ಮ, ಅರ್ಧ ಕ್ರಯ ತಗೋತಾಳೆ. ಹರಾಜು ಅಂದರೂ ಅದೇ ತಾನೆ?’ ಎಂದಳು. ಮಾತಿಗೆ ಮಾತು ಸರಿಯಾಗಿತ್ತು. ಸುಮ್ಮನಾದೆ.

ಗಾಂಧೀಜಿಯ ಕಾಲಕ್ಕೂ ಈಗಿನದಕ್ಕೂ ಒಂದು ವ್ಯತ್ಯಾಸವಿದೆ ಎಂಬುದನ್ನೂ ಒಪ್ಪಬೇಕು. ಆಗ ಹಿಂದಿನವರು ಮುಂದಿನವರ ಸುಖಕ್ಕೆ ದುಡ್ಡು ತೆರುತ್ತಿದ್ದರು. ದೂರದ ವಿಮಾನಗಳಲ್ಲಿ ಮುಂದಿನ ಕೆಲವೇ ಸೀಟುಗಳು ಆದಾಯದಲ್ಲಿ ದೊಡ್ಡ ಪಾಲು ತರುತ್ತವೆ. ಮಗಳ ಮಾತಿನಲ್ಲಿ ಹುರುಳಿತ್ತು. ಆದರೂ ಆ ಬಾತ ಕಾಲುಗಳು ನನ್ನ ಕಣ್ಣಿನಿಂದ ಹೋಗಲಿಲ್ಲ.

ನನ್ನ ಮನಸ್ಸಿಗೆ ಉತ್ತರ ಸಿಕ್ಕಿದ್ದು ನಮ್ಮದೇ ರೈಲಿನಲ್ಲಿ, ಅದೂ ಈ ಪ್ರಶ್ನೆ ಹುಟ್ಟುವುದಕ್ಕೆ ಎಂಟು ವರ್ಷ ಮೊದಲೇ. ಆಗ ಅದು ಉತ್ತರವೆಂದು ತಿಳಿದಿರಲಿಲ್ಲ.

2006ರಲ್ಲಿ, ಲಾಲೂ ಪ್ರಸಾದ್ ರೈಲ್ವೆ ಮಂತ್ರಿಯಾಗಿದ್ದಾಗ, ಮೇಲಿನ ಕ್ಲಾಸಿನಲ್ಲಿ ಬರ್ತು ಉಳಿದರೆ ಅದನ್ನು ಕೆಳಗಿನ ಕ್ಲಾಸಿನ ಪೂರ್ಣ ದರದ ಪ್ರಯಾಣಿಕರಿಗೆ ಹೆಚ್ಚಿನ ದುಡ್ಡಿಲ್ಲದೆ ಕೊಡುವ ಯೋಜನೆ ಬಂತು. ಯಾರಿಗೆ ಎಂಬುದನ್ನು ಚಾರ್ಟು ತಯಾರಾಗುವಾಗ ಕಂಪ್ಯೂಟರು ಆರಿಸುತ್ತದೆ. ಮುಖ ನೋಡಿ ಮಣೆ ಹಾಕುವುದಿಲ್ಲ. ಬೇಡವೆನ್ನುವವರು ಟಿಕೆಟ್ ಕೊಳ್ಳುವಾಗಲೇ ಬೇಡವೆನ್ನಬಹುದು. ರಿಯಾಯಿತಿಯ ಟಿಕೆಟ್ಟಿನವರಿಗೆ ಮಾತ್ರ ಇದಿಲ್ಲ.

2008ರಲ್ಲಿ ಹುಬ್ಬಳ್ಳಿಯ ತಮ್ಮನ ಮನೆಯಿಂದ ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಒಬ್ಬಳೇ ಹೊರಟಿದ್ದೆ. ಸ್ಲೀಪರ್ ಟಿಕೆಟ್ಟು, ಎಸ್ 4ರಲ್ಲಿ 23ನೇ ಬರ್ತು. ಸ್ಟೇಷನ್ನಿನ ಬೆಂಚಿನ ಮೇಲೆ ನವಲಗುಂದ ಕಡೆಯ ಒಬ್ಬ ಹೆಣ್ಣುಮಗಳು ನಾಲ್ಕು ವರ್ಷದ ಹುಡುಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಹುಡುಗನ ತುಟಿ ನೀಲಿಗಟ್ಟಿತ್ತು. ಬೆಳಗ್ಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಹೃದಯದ ಪರೀಕ್ಷೆ. ಅವಳ ಟಿಕೆಟ್ಟು ವೇಟಿಂಗ್ ಲಿಸ್ಟಿನಲ್ಲಿತ್ತು. ‘ಆಗಲಿಲ್ಲಂದ್ರ ಜನರಲ್ ಡಬ್ಬ್ಯಾಗ ಹೊಕ್ಕೀನ್ರಿ, ಆದ್ರ ಇಂವಾ ಉಸಿರು ಹಿಡಕೊಂಬತಾನ್ರಿ’ ಎಂದಳು. ಚಾರ್ಟು ಅಂಟಿಸಿದಾಗ, ‘ನೀವs ಓದಿ ಹೇಳ್ರಿ ಅಕ್ಕಾರ’ ಎಂದು ಟಿಕೆಟ್ಟು ಕೈಗೆ ಕೊಟ್ಟಳು.

ಮೊದಲು ನನ್ನ ಹೆಸರು ಹುಡುಕಿದೆ. ಎಸ್ 4ರಲ್ಲಿ ಇರಲಿಲ್ಲ. ಎದೆ ಧಸಕ್ಕೆಂದಿತು. ನೋಡಿದರೆ ಬಿ 1ರಲ್ಲಿ, ತ್ರೀ ಟಯರ್ ಏಸಿಯಲ್ಲಿ ಇತ್ತು. ಅವಳ ಹೆಸರು ಎಲ್ಲಿ ಎಂದು ಬೆರಳಿಟ್ಟುಕೊಂಡು ಬಂದೆ. ಎಸ್ 4, 23.

ಚಾರ್ಟಿನ ಮುಂದೆ ನಿಂತು ಎರಡು ಸಲ ಓದಿದೆ. ನನ್ನ ಬರ್ತು ಅವಳಿಗೆ ಬಂದಿತ್ತು. ನಾನು ಮೇಲೆ ಹೋದದ್ದರಿಂದ ಅವಳು ಒಳಗೆ ಬಂದಿದ್ದಳು. ಏಸಿಯಲ್ಲಿ ಬಿಳಿ ಚಾದರ, ಕಂಬಳಿ ಎಲ್ಲ ಇತ್ತು. ಅಭ್ಯಾಸವಿಲ್ಲದ ನನಗೆ ಚಳಿಗೆ ನಿದ್ದೆಯೇ ಬರಲಿಲ್ಲವೆನ್ನಿ! ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದಾಗ ಜನರ ನಡುವೆ ಅವಳು ಕಂಡಳು. ಹುಡುಗ ಅವಳ ಹೆಗಲ ಮೇಲೆ ಇನ್ನೂ ನಿದ್ದೆಯಲ್ಲಿದ್ದ. ‘ರಾತ್ರಿ ಪೂರಾ ಮಲಗ್ಯಾನ್ರಿ’ ಎಂದಳು. ಮುಂದೆ ಆ ಹುಡುಗನಿಗೆ ಏನಾಯಿತೋ ನನಗೆ ತಿಳಿಯಲಿಲ್ಲ. ಆ ರಾತ್ರಿ ಮಲಗಿದನಲ್ಲ, ಅಷ್ಟು ಗೊತ್ತು.

ಈಗ ಎಲ್ಲವನ್ನೂ ಕೂಡಿಸಿ ನೋಡಿದರೆ ನನಗೆ ಹೀಗೆ ಅನಿಸುತ್ತದೆ. ಖಾಲಿ ಸೀಟನ್ನು ಅದೃಷ್ಟದ ಚೀಟಿಯ ಹಾಗೆ ಯಾರೋ ಒಬ್ಬರಿಗೆ ದಾನ ಮಾಡುವುದರಲ್ಲಿ ದೊಡ್ಡ ನ್ಯಾಯವೇನಿಲ್ಲ. ಒಬ್ಬರಿಗೆ ಸಿಕ್ಕರೆ ಇನ್ನೂರು ಜನರ ಮೊಣಕಾಲು ಮುಂದಿನ ಸೀಟಿಗೆ ತಗಲುವುದು ತಪ್ಪುವುದಿಲ್ಲ. ಆದರೆ ಒಬ್ಬರು ಮೇಲೆ ಹೋಗುವುದರಿಂದ ಬಾಗಿಲಲ್ಲಿ ನಿಂತ ಇನ್ನೊಬ್ಬರು ಒಳಗೆ ಬರುವುದಾದರೆ ಆ ಸೀಟನ್ನು ಖಾಲಿ ಬಿಡುವುದು ತಪ್ಪು. ಬಸುರಿ, ಮುಪ್ಪಿನವರು, ಕಾಯಿಲೆಯವರು ಕಷ್ಟಕ್ಕೆ ಸಿಕ್ಕಿಕೊಂಡಾಗ ಪರದೆ ಸರಿಸದಿರುವುದೂ ತಪ್ಪು. ‘ಎಲ್ಲರೂ ಕೇಳುತ್ತಾರೆ’ ಎಂಬ ಭಯಕ್ಕೆ ಮದ್ದಿದೆ: ಯಾರಿಗೆ ಕೊಡುತ್ತೇವೆ ಎಂಬುದನ್ನು ಮೊದಲೇ ಬರೆದಿಟ್ಟುಬಿಡುವುದು. ನಿಯಮವಿದ್ದರೆ ಟಿ.ಸಿ.ಯೂ ಉಳಿಯುತ್ತಾನೆ, ಕೇಳಿದವಳ ಮಾನವೂ ಉಳಿಯುತ್ತದೆ. ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ಆಲ್‌ಪೋರ್ಟ್ ಮತ್ತು ದಂಡವತೆ ಮಾಡಿದ ಕೆಲಸ. ಹದಿನಾಲ್ಕು ತಾಸು ಕೂರಬೇಕಾದವರಿಗೆ ಕಾಲು ಚಾಚುವಷ್ಟು ಜಾಗ ಕೊಟ್ಟುಬಿಟ್ಟರೆ ಪರದೆಯಾಚೆ ಇಣುಕುವ ಅಗತ್ಯ ಯಾರಿಗಿದೆ?

ದಾವಣಗೆರೆಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಟಿ.ಸಿ. ಇಲ್ಲವೆಂದ ಮೇಲೆ ಅವ್ವ ಮಾತಾಡದೆ ನನ್ನನ್ನು ಕರೆದುಕೊಂಡು ಮತ್ತೆ ಅದೇ ಡಬ್ಬಿ ಹತ್ತಿದಳು. ಕಿಟಕಿಯ ಪಕ್ಕ ಬ್ಯಾಡಗಿಯ ಒಬ್ಬ ಹೆಂಗಸು ಮಡಿಸಿದ ಖಾಲಿ ಗೋಣಿಚೀಲಗಳನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದಳು. ಮೈಯೆಲ್ಲ ಮೆಣಸಿನಕಾಯಿಯ ಘಾಟು. ಅವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಎದ್ದು ನಿಂತಳು. ‘ಕುಂದ್ರವ್ವಾ, ಎರಡು ಜೀವದಾಕಿ. ನಾ ನಿಂತು ಬರತೀನಿ’ ಎಂದಳು. ಬ್ಯಾಡಗಿ ಬರುವ ತನಕ ನಿಂತೇ ಇದ್ದಳು. ನನ್ನನ್ನು ತನ್ನ ಗೋಣಿಚೀಲದ ಮೇಲೆ ಕೂರಿಸಿದಳು. ಅಜ್ಜಿ ಇನ್ನೂ ನಾಲ್ಕು ದಿನ ಬದುಕಿದ್ದಳು. ಅವ್ವನೇ ಬಾಯಿಗೆ ನೀರು ಬಿಟ್ಟಳು. ಅಂದು ಹೊಟ್ಟೆಯಲ್ಲಿದ್ದ ತಮ್ಮನಿಗೆ ಈಗ ತಲೆಯಲ್ಲಿ ಕೂದಲಿಲ್ಲ.

ಅವ್ವ ಮುಂದೆಯೂ ಈ ಕಥೆ ಹೇಳುವಾಗ ಟಿ.ಸಿ.ಯನ್ನು ಒಂದು ದಿನವೂ ಬೈಯಲಿಲ್ಲ. ‘ಆಕೀ ಹೆಸರು ಕೇಳಲಿಲ್ಲ ನೋಡು’ ಎಂದು ಮಾತ್ರ ಹೇಳುತ್ತಿದ್ದಳು.

ಆ ವಿಮಾನದಲ್ಲಿಯೂ ಅಷ್ಟೆ. ನಾವಿಬ್ಬರೂ ಸೀಟು ಬದಲಾಯಿಸಿಕೊಂಡೆವು. ಅವರು ಕಿಟಕಿಗೆ ಬೆನ್ನು ಕೊಟ್ಟು ಒರಗಿದರು. ನಡುವಿನ ತೋಳನ್ನು ಮೇಲಕ್ಕೆತ್ತಿ, ಅವರ ಎರಡೂ ಕಾಲುಗಳನ್ನು ನನ್ನ ತೊಡೆಯ ಮೇಲೆ ತೆಗೆದುಕೊಂಡೆ. ‘ಅಯ್ಯೋ ಬ್ಯಾಡ ಕಣವ್ವ, ನನ್ ಕಾಲಾ?’ ಎಂದು ಎಳೆದುಕೊಳ್ಳಹೋದರು. ‘ಬಾಣಂತನಕ್ಕೆ ಹೊರಟವಳು ನಾನು, ಇನ್ನು ಮೂರು ತಿಂಗಳು ಕಾಲಿನ ಮೇಲೇ ಮಗುವಿಗೆ ಎರೆಯಬೇಕು; ಇವತ್ತೇ ಅಭ್ಯಾಸ ಆಗಲಿ’ ಎಂದೆ. ನಕ್ಕರು. ಸ್ವಲ್ಪ ಹೊತ್ತಿಗೆ ನಿದ್ದೆ ಹೋದರು. ಪರದೆಯಾಚೆ ಆ ನಾಲ್ಕು ಹಾಸಿಗೆಗಳು ಕೊನೆಯ ತನಕ ಖಾಲಿಯಾಗಿಯೇ ಇದ್ದವು.

ಇಳಿಯುವಾಗ ಅವರ ಹೆಸರನ್ನು ಮರೆಯದೆ ಕೇಳಿದೆ.